ಒಂದು ಗುಡಿಸಿನ ಅಂತರ

ಮನೆಯಲ್ಲಿ ಮೊಸರಿಗೆ ಹೆಪ್ಪು ಇಲ್ಲವಾದರೆ ಒಂದು ಬಟ್ಟಲು ಹಿಡಿದುಕೊಂಡು ಪಕ್ಕದ ಮನೆಗೆ ಹೋಗಬಹುದು. ಸಕ್ಕರೆ ಮುಗಿದರೂ ಹೋಗಬಹುದು, ಕರಿಬೇವು ಬೇಕಾದರಂತೂ ಕೇಳದೆಯೇ ಕಿತ್ತುಕೊಂಡು ಬರಬಹುದು. ಆದರೆ ಧೈರ್ಯ ಮುಗಿದು ಹೋದರೆ ಯಾರ ಮನೆಯ ಬಾಗಿಲು ತಟ್ಟುವುದು? "ಅಕ್ಕಾರ, ಒಂದೀಟು ಧೈರ್ಯ ಇದ್ರ ಕೊಡ್ರಿ, ನಾಳಿ ಹೊಳ್ಳಿ ಕೊಡ್ತೇನಿ" ಎಂದು ಕೇಳುವ ಪದ್ಧತಿ ವಿಜಯಪುರದ ನಮ್ಮ ಜಲನಗರದಲ್ಲಿ ಇನ್ನೂ ಬಂದಿಲ್ಲ. ಬಂದಿದ್ದರೆ ಹೋದ ವರ್ಷವಿಡೀ ನಾನು ಬಟ್ಟಲು ಹಿಡಿದುಕೊಂಡು ಓಣಿ ತುಂಬ ತಿರುಗುತ್ತಿದ್ದೆ. ಏಕೆಂದರೆ ನಾನು ಯಾರೂ ಮಾಡದ ಒಂದು ಕೆಲಸ ಮಾಡಿ ಕುಳಿತಿದ್ದೆ. ಎಂಟು ವರ್ಷದ ಮಗಳನ್ನು ಶಾಲೆ ಬಿಡಿಸಿ, ಮನೆಯಲ್ಲಿಯೇ ನಾನೇ ಕಲಿಸುತ್ತೇನೆ ಎಂದು ಹೊರಟಿದ್ದೆ.

ಹೀಗೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಹೋಮ್ ಸ್ಕೂಲಿಂಗ್ ಎಂಬ ಗೌರವದ ಹೆಸರಿದೆ. ಆ ಹೆಸರು ಹೇಳಿದರೆ ನಮ್ಮ ಕಡೆ ಜನ "ಅದು ಯಾವ ಸಾಲಿರಿ, ಹೊಸಾದೇನು? ಬಸ್ಸು ಬರ್ತೈತೇನು?" ಎಂದು ಕೇಳುತ್ತಾರೆ. ಹೆಸರು ಹೇಳದಿದ್ದರೆ ಇನ್ನೂ ಕಷ್ಟ. ಬೆಳಿಗ್ಗೆ ಹತ್ತು ಗಂಟೆಗೆ ಮಗಳು ಅಂಗಳದಲ್ಲಿ ಕಂಡರೆ ಸಾಕು, ಹಾಲಿನವನಿಂದ ಹಿಡಿದು ಎದುರು ಮನೆಯ ನಿವೃತ್ತ ಅಜ್ಜನವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಯಾಕ್ರಿ, ಸಾಲಿ ಸೂಟಿ ಏನ್ರಿ ಇವತ್ತ?" ಮೊದಮೊದಲು ನಾನು ತಾಳ್ಮೆಯಿಂದ ವಿವರಿಸುತ್ತಿದ್ದೆ. ಆಮೇಲೆ "ಹೌದ್ರಿ, ಸೂಟಿ" ಎನ್ನತೊಡಗಿದೆ. ಅಜ್ಜ ಪಾಪ, ಯಾವ ಹಬ್ಬಕ್ಕೆ ಸೂಟಿ ಎಂದು ತಿಳಿಯದೆ ಕ್ಯಾಲೆಂಡರ್ ನೋಡಲು ಒಳಗೆ ಹೋಗುತ್ತಿದ್ದರು. ಓಣಿಯಲ್ಲಿ ಹುಟ್ಟಿದ ಸುದ್ದಿಗಳಂತೂ ಒಂದಕ್ಕಿಂತ ಒಂದು ರುಚಿ. ಹುಡುಗಿಗೆ ಏನೋ ಕಾಯಿಲೆ ಎಂದು ಕೆಲವರು, ನಮಗೆ ವರ್ಗವಾಗಿದೆ ಎಂದು ಕೆಲವರು. ಒಬ್ಬಾಕೆಯಂತೂ ನನ್ನ ಕೈ ಹಿಡಿದುಕೊಂಡು, "ಮಾಸ್ತರ್ ಗೂಡ ಜಗಳಾ ಮಾಡಿದ್ರಂತ ಹೌದೇನ್ರಿ? ಚೊಲೋ ಮಾಡಿದ್ರಿ ಬಿಡ್ರಿ" ಎಂದಳು. ನನಗೆ ಆ ವರ್ಷ ಸಿಕ್ಕ ಮೊದಲ ಪ್ರೋತ್ಸಾಹ ಅದು. ಮಾಡದ ಜಗಳಕ್ಕೆ ಸಿಕ್ಕದ್ದು.

ನಿಜವಾದ ಕಾರಣ ಇಷ್ಟೇ. ಮಗಳು ಎರಡನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಅವಳನ್ನು ಎದ್ದು ನಿಲ್ಲಿಸಿ ಪಾಠ ಓದಿಸಿದರು. "ಅಜ್ಜಿಗೆ ಕಿವಿ ಕೇಳುವುದಿಲ್ಲ" ಎಂಬ ವಾಕ್ಯ. ಇವಳು ಗಡಿಬಿಡಿಯಲ್ಲಿ 'ಕಿ'ಯ ಗುಡಿಸು ನುಂಗಿಬಿಟ್ಟು "ಅಜ್ಜಿಗೆ ಕವಿ ಕೇಳುವುದಿಲ್ಲ" ಎಂದು ಓದಿದಳು. ಕಲಿಸುವವರೂ ನಕ್ಕರು, ಇಡೀ ವರ್ಗ ನಕ್ಕಿತು. ದೊಡ್ಡ ಮಾತೇನಲ್ಲ, ನಾನು ಅಲ್ಲಿದ್ದರೆ ನಾನೂ ನಗುತ್ತಿದ್ದೆನೇನೋ. ಆದರೆ ಅಂದಿನಿಂದ ಹುಡುಗರು ಅವಳನ್ನು "ಏ ಕವಿ" ಎಂದು ಕರೆಯತೊಡಗಿದರು. ಇವಳು ಬಾಯಿ ಮುಚ್ಚಿದಳು. ಮಾತಿಗಲ್ಲ, ಮಾತಿಗೆ ಮನೆಯಲ್ಲಿ ತೂಬು ತೆಗೆದ ಹಾಗೆ. ಪುಸ್ತಕ ತೆರೆದರೆ ಮಾತ್ರ ತುಟಿ ಎರಡೂ ಅಂಟಿಕೊಳ್ಳುತ್ತಿದ್ದವು. ಬೆಳಿಗ್ಗೆ ಶಾಲೆಯ ಬಸ್ಸಿನ ಹಾರ್ನ್ ಕೇಳಿದರೆ ತಿಂದದ್ದೆಲ್ಲ ವಾಂತಿ. ಮೂರು ತಿಂಗಳು ನೋಡಿದೆ, ಕರುಳು ತಡೆಯಲಿಲ್ಲ, ಬಿಡಿಸಿದೆ. ಕನ್ನಡ ಬಿ.ಎ. ಮಾಡಿದಾಕೆ ನಾನು, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿಗೆ ಕನ್ನಡ ಓದಿಸಲಾರೆನೇ ಎಂಬ ಸೊಕ್ಕು ಬೇರೆ.

ಆ ಸೊಕ್ಕು ಒಂದು ತಿಂಗಳಲ್ಲಿ ಇಳಿಯಿತು. ಮಗಳ ಹೆಸರು ಸ್ಫೂರ್ತಿ. ಮನೆ ತುಂಬ ಸ್ಫೂರ್ತಿ ಓಡಾಡುತ್ತಿದ್ದರೂ ನನಗೆ ಕಾಳಷ್ಟೂ ಸ್ಫೂರ್ತಿ ಇರಲಿಲ್ಲ. ಪುಸ್ತಕ ತೆಗೆದ ಕೂಡಲೇ ಅವಳಿಗೆ ನೀರಡಿಕೆಯಾಗುತ್ತಿತ್ತು. ನೀರು ಕುಡಿದು ಬಂದರೆ ಬಿಕ್ಕಳಿಕೆ. ಬಿಕ್ಕಳಿಕೆ ನಿಂತರೆ, "ಮಮ್ಮಿ, ಇರಬಿ ನಿದ್ದಿ ಮಾಡತಾವೇನು?" ಎಂಬಂಥ ಘನವಾದ ಪ್ರಶ್ನೆ. ಇರುವೆಯ ನಿದ್ದೆಯಲ್ಲಿ ನಮ್ಮ ಬೆಳಗೆಲ್ಲ ಮುಗಿಯುತ್ತಿತ್ತು. ಬರೆ ಎಂದರೆ ಬರೆಯುವಳು, ಲೆಕ್ಕ ಮಾಡೆಂದರೆ ಮಾಡುವಳು. ಗಟ್ಟಿಯಾಗಿ ಒಂದು ಸಾಲು ಓದು ಎಂದರೆ ಮಾತ್ರ ಮುಖ ಗೋಡೆಯ ಕಡೆಗೆ.

ಇಟ್ಟಂಗಿಹಾಳದಿಂದ ನನ್ನ ಅತ್ತೆ ಬಂದು ಹೋಗಿ ಮಾಡುತ್ತಿದ್ದರು. ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು: "ಓದ್ತಾಳೇನು?" ನಾನು ಇರುವೆಗಳ ವಿಷಯ ಹೇಳುತ್ತಿದ್ದೆ. ಕೊನೆಗೊಂದು ದಿನ ಅವರು ಮಗನನ್ನು ಕೂರಿಸಿಕೊಂಡು ತೀರ್ಪು ಕೊಟ್ಟರು. "ದೀಪಾವಳಿ ತನಕಾ ನೋಡ್ರಿ. ನನ್ನ ಮುಂದ ಕೂಸು ಒಂದ ಸಾಲು ಗಟ್ಟ್ಯಾಗಿ ಓದಬೇಕು. ಓದಲಿಲ್ಲಂದ್ರ ಸೂಟಿ ಮುಗದ ಮ್ಯಾಲೆ ಸಾಲಿಗೆ ಹಾಕಿ ಬರೂದ. ಹೆಣ್ಣ ಕೂಸಿನ್ನ ಮನ್ಯಾಗ ಕೂರಿಸಿಕೊಂಡು ಇರಬಿ ಎಣಸೂದು ನನಗ ಸೇರಂಗಿಲ್ಲ." ನಮ್ಮ ಮನೆಯವರು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವರು, ಮೇಲಿನವರು ಹೇಳಿದ್ದಕ್ಕೆ ತಲೆಯಾಡಿಸುವುದು ಅಭ್ಯಾಸವಾಗಿಹೋಗಿದೆ. ಆಡಿಸಿದರು. ನನಗೆ ಮಾತ್ರ ಮತ್ತೆ ಆ ಬಸ್ಸಿನ ಹಾರ್ನ್, ಮತ್ತೆ ಆ ವಾಂತಿ ನೆನಪಾದವು.

ಇಂಥ ಹೊತ್ತಿನಲ್ಲಿ ನನಗೆ ಪ್ರಿಯಾಂಕಾ ಸಿಕ್ಕಳು. ಸಿಕ್ಕದ್ದು ಮಕ್ಕಳ ದವಾಖಾನೆಯಲ್ಲಿ, ಹಾಡಹಗಲು ಹನ್ನೊಂದು ಗಂಟೆಗೆ. ಅವಳ ಪಕ್ಕದಲ್ಲಿಯೂ ಶಾಲೆಗೆ ಹೋಗುವ ವಯಸ್ಸಿನ ಮಗನಿದ್ದ, ನನ್ನ ಪಕ್ಕದಲ್ಲಿ ಸ್ಫೂರ್ತಿ. ಇಬ್ಬರ ಮಕ್ಕಳಿಗೂ ಬರೀ ನೆಗಡಿ. ಅವಳು ಅಂಜುತ್ತ "ಸಾಲಿ ಇಲ್ಲೇನ್ರಿ ಇವತ್ತ?" ಎಂದಳು. ನಾನು ಅಂಜುತ್ತ "ನಿಮಗ?" ಎಂದೆ. ಒಂದೇ ಮನೆಗೆ ಕನ್ನ ಹಾಕಲು ಬಂದ ಇಬ್ಬರು ಕಳ್ಳರು ಕತ್ತಲಲ್ಲಿ ಎದುರಾದಂತೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳ ಗಂಡನದು ಸೊಲ್ಲಾಪುರ ರಸ್ತೆಯಲ್ಲಿ ಪಂಪು, ಔಷಧಿ ಹೊಡೆಯುವ ಯಂತ್ರ ರಿಪೇರಿ ಮಾಡುವ ವರ್ಕ್‌ಶಾಪು. ಅಲ್ಲಿಗೆ ಯಂತ್ರ ತರುತ್ತಿದ್ದ ತಿಕೋಟಾದ ದ್ರಾಕ್ಷಿ ಬೆಳೆಗಾರನೊಬ್ಬನ ಹೆಂಡತಿ ಸುನಂದಾ ಕೂಡ ತನ್ನ ಮಗನಿಗೆ ಮನೆಯಲ್ಲಿಯೇ ಕಲಿಸುತ್ತಾಳೆಂದು ಗೊತ್ತಾಯಿತು. ಮೂವರಾದೆವು. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕೂಡುವುದು, ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುವುದು ಎಂದು ಮಾತಾಯಿತು. ಹೆಣ್ಣುಮಕ್ಕಳಿಗೆ ಬಸ್ಸು ಹೇಗೂ ಪುಕ್ಕಟೆ.

ಧೈರ್ಯ ಹೇಳಿಕೊಳ್ಳುವ ಮೊದಲ ಸಭೆ ಪ್ರಿಯಾಂಕಾಳ ಮನೆಯಲ್ಲಿ ನಡೆಯಿತು. ಅದರಿಂದ ನಾನು ಎಷ್ಟು ಕುಗ್ಗಿದೆನೆಂದರೆ, ಅತ್ತೆಯೇ ಎಷ್ಟೋ ಮೇಲು ಎನಿಸಿತು. ಪ್ರಿಯಾಂಕಾ ಮಕ್ಕಳನ್ನು ಬೆಳೆಸುವ ಪುಸ್ತಕಗಳನ್ನು ಅರೆದು ಕುಡಿದವಳು. ಅವಳ ಮಗ ಮಣ್ಣಿನಲ್ಲಿ ಜ್ವಾಲಾಮುಖಿ ಮಾಡಿದ್ದ, ಅದು ಹೊಗೆಯನ್ನೂ ಬಿಡುತ್ತಿತ್ತು. ಸುನಂದಾ ತನ್ನ ಮಗ ತೋಟದಲ್ಲಿ ದ್ರಾಕ್ಷಿ ಗೊನೆ ಎಣಿಸುತ್ತಲೇ ಗುಣಾಕಾರ ಕಲಿತನೆಂದಳು. ನನ್ನ ಸರದಿ ಬಂದಾಗ ನಾನು, "ನಮ್ಮಕಿ ಇರಬಿ ಬಗ್ಗೆ ಸಂಶೋಧನಾ ಮಾಡಾಕತ್ತಾಳ್ರಿ" ಎಂದೆ. ಮೂವರೂ ಒಬ್ಬರನ್ನೊಬ್ಬರು ಬಾಯಿ ತುಂಬ ಹೊಗಳಿ, ಒಳಗೊಳಗೇ ಅಳುತ್ತ ಮನೆಗೆ ಹೋದೆವು.

ಎರಡನೆಯ ಸಭೆ ನಮ್ಮ ಮನೆಯಲ್ಲಿ. ಅಂದು ಸುನಂದಾ ಒಬ್ಬ ಹೊಸಬರನ್ನು ಕರೆದುಕೊಂಡು ಬಂದಳು. ಬಬಲೇಶ್ವರದ ಕಸ್ತೂರಕ್ಕ. ಅಗಲ ಹಣೆ, ಅದಕ್ಕೆ ತಕ್ಕ ಕುಂಕುಮ, ಮೈಕು ಬೇಡದ ದನಿ. ಪೇಟೆಗೆ ಬಂದಾಗ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಬ್ಬರಿಗೂ ಪರಿಚಯವಾಯಿತಂತೆ. "ನಾವು ಒಂದಿಷ್ಟು ಹೆಣ್ಮಕ್ಕಳು ಮನ್ಯಾಗ ಕಲಸ್ತೀವ್ರಿ, ತಿಂಗಳಿಗೊಮ್ಮಿ ಕೂಡ್ತೀವಿ" ಎಂದು ಸುನಂದಾ ಹೇಳಿದ್ದೇ ತಡ, ಕಸ್ತೂರಕ್ಕ, "ಅಯ್ಯ, ನಾನೂ ಮನ್ಯಾಗ ಕಲಸ್ತೇನ್ರಿ! ನನ್ನೂ ಕರಕೊಂಡು ನಡೀರಿ" ಎಂದು ಹೊರಟೇಬಿಟ್ಟರಂತೆ.

"ಎಷ್ಟ ವರ್ಷ ಆತ್ರಿ ಕಲಸಾಕ ಹತ್ತಿ?" ಎಂದು ಪ್ರಿಯಾಂಕಾ ಕೇಳಿದಳು.

"ಮದುವ್ಯಾಗಿ ಬಂದಾಗಿಂದ ಕಲಸ್ತೇನಿ ತಂಗಿ. ಈಗ ಒಂದಿಪ್ಪತ್ತ ಮನಿಗೆ ಕಲಸ್ತೇನಿ. ಹಬ್ಬ ಬಂತಂದ್ರ ಅದರ ಎರಡಪಟ್ಟು. ಕೈ ಸಾಲಂಗಿಲ್ಲ."

ನಾವು ಮೂವರೂ ಬಾಯಿ ತೆರೆದೆವು. ಒಂದೊಂದು ಮಗುವಿಗೆ ನಮ್ಮ ಪ್ರಾಣ ಹೋಗುತ್ತಿತ್ತು, ಈ ಮಹಾತಾಯಿ ಇಪ್ಪತ್ತು ಮನೆಯ ಮಕ್ಕಳಿಗೆ ಕಲಿಸುತ್ತಾರೆ! ಹಬ್ಬಕ್ಕೆ ಮಕ್ಕಳು ಎರಡು ಪಟ್ಟು ಹೇಗಾಗುತ್ತಾರೆಂದು ನನಗೆ ಅರ್ಥವಾಗಲಿಲ್ಲ. ಊರಿಗೆ ಬಂದ ನೆಂಟರ ಮಕ್ಕಳಿರಬೇಕು ಎಂದುಕೊಂಡೆ. ಇಂಥವರ ಮುಂದೆ ಜಂಬ ನಡೆಯುವುದಿಲ್ಲ. ನಾನು ಎಲ್ಲ ಬಿಟ್ಟು ಮೊದಲ ಸಲ ನಿಜ ಹೇಳಿದೆ. "ನನ್ನ ಕೈಲೇ ಆಗವಲ್ದರಿ ಅಕ್ಕಾರ. ಎಷ್ಟ ಕಲಸಿದ್ರೂ ಅಷ್ಟ. ಮುಂಜಾನೆ ಕಲಸಿದ್ದು ಸಂಜಿಕ ಏನೂ ಉಳದಿರೂದಿಲ್ಲ."

"ಉಳೀನೂಬಾರ್ದು!" ಎಂದರು ಕಸ್ತೂರಕ್ಕ, ಸ್ವಲ್ಪ ಸಿಟ್ಟಿನಿಂದಲೇ. "ಮುಂಜಾನೆ ಕಲಸಿದ್ದು ಸಂಜೀತನಕ ಉಳದ್ರ ಹುಳಿ ಬರತೈತಿ. ಅವತ್ತಿಂದು ಅವತ್ತ ಮುಗೀಬೇಕು, ಮರುದಿನ ಹೊಸಾದು ಕಲಸಬೇಕು. ನೀವು ಬರೋಬ್ಬರಿ ಮಾಡಾಕತ್ತೀರಿ. ಯಾಕ ಮಾರಿ ಸಣ್ಣ ಮಾಡ್ತೀರಿ?"

ಬರೋಬ್ಬರಿ ಮಾಡಾಕತ್ತೀರಿ! ಆ ವರ್ಷವೆಲ್ಲ ನಾನು ಯಾರ ಬಾಯಿಂದಲಾದರೂ ಕೇಳಬೇಕೆಂದು ಹಂಬಲಿಸಿದ್ದ ಮಾತು. ಪ್ರಿಯಾಂಕಾ ಕಣ್ಣರಳಿಸಿ, ಮರೆಯುವುದೂ ಕಲಿಕೆಯ ಭಾಗವೇ ಎಂದು ತಾನು ಓದಿದ ಪುಸ್ತಕದಲ್ಲಿಯೂ ಇದೆ ಎಂದಳು. ಸುನಂದಾ ಕೂಡ ಧೈರ್ಯ ಮಾಡಿ, "ನಮ್ಮದು ಭಾಳ ಬಿರುಸ್ರಿ ಅಕ್ಕಾರ. ಏನ ಮಾಡಿದ್ರೂ ಮೆತ್ತಗಾಗೂದಿಲ್ಲ" ಎಂದಳು. ದ್ರಾಕ್ಷಿ ಗೊನೆ ಎಣಿಸುವ ಮಗ ಹಾಗಾದರೆ ಅಷ್ಟೇನೂ ಸುಲಭದವನಲ್ಲ ಎಂದು ತಿಳಿದು ನನಗೆ ಆದ ಸಂತೋಷ ಹೇಳತೀರದು.

"ಒಂದ ಸವನ ತಿಕ್ಕಿದ್ರ ಬಿರುಸು ಆಗತೈತಿ" ಎಂದರು ಕಸ್ತೂರಕ್ಕ. "ಜರಾ ಎಣ್ಣಿ ಹಚ್ಚಿ, ಅರಿವೀಲೆ ಮುಚ್ಚಿ, ತಾಸೊತ್ತು ಹೊಳ್ಳಿ ನೋಡಬ್ಯಾಡ್ರಿ. ತಾನ ಮೆತ್ತಗ ಆಗತೈತಿ."

ಸುನಂದಾ ಪಾಪ, ಮಾತನ್ನು ಮಾತಿನ ಹಾಗೆಯೇ ತೆಗೆದುಕೊಳ್ಳುವ ಹೆಂಗಸು. ಮರುದಿನ ಹಟ ಹಿಡಿದ ಮಗನಿಗೆ ಪಾಠ ನಿಲ್ಲಿಸಿ, ತಲೆಗೂ ಮೈಗೂ ಎಣ್ಣೆ ತಿಕ್ಕಿ, ಚಾದರ ಹೊದಿಸಿ ಮಲಗಿಸಿ ತೋಟಕ್ಕೆ ಹೋಗಿಬಿಟ್ಟಳು. ಹುಡುಗ ಗಡದ್ದಾಗಿ ನಿದ್ದೆ ಮಾಡಿ ಎದ್ದವನೇ ತಾನಾಗಿ ಬಂದು ಮಗ್ಗಿ ಒಪ್ಪಿಸಿದನಂತೆ. ಸಂಜೆ ಅವಳು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ ಧ್ವನಿಸಂದೇಶದಲ್ಲಿ ಅರ್ಧ ಅಳು, ಅರ್ಧ ನಗು. ನಾನೂ ಕಲಿತೆ. ಸ್ಫೂರ್ತಿಯನ್ನು ಓದು ಓದು ಎಂದು ತಿಕ್ಕುವುದು ಬಿಟ್ಟೆ. ನಾನೇ ದಿನಾ ಒಂದು ಕತೆ ಓದಿ ಹೇಳಿ ಪುಸ್ತಕವನ್ನು ತೆರೆದೇ ಇಟ್ಟು ಅಡುಗೆ ಮನೆಗೆ ಹೋಗುತ್ತಿದ್ದೆ, ಹೊರಳಿ ನೋಡುತ್ತಿರಲಿಲ್ಲ. ನೋಡಬೇಕೆಂದು ಕುತ್ತಿಗೆ ತುರಿಸುತ್ತಿತ್ತು, ಆದರೂ ನೋಡುತ್ತಿರಲಿಲ್ಲ. ಅವಳ ಬಿಕ್ಕಳಿಕೆ ನಿಂತಿತು. ಇಷ್ಟಾದರೂ ಬಾಯಿ ಬಿಟ್ಟು ಓದಿದ್ದನ್ನು ಮಾತ್ರ ನಾನು ಕೇಳಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು.

ಮೂರನೆಯ ಸಭೆ ತಿಕೋಟಾದಲ್ಲಿ, ಸುನಂದಾಳ ಮನೆಯ ಪಡಸಾಲೆಯಲ್ಲಿ ಸೇರಿತು. ಕಸ್ತೂರಕ್ಕ ಆ ಹೊತ್ತಿಗೆ ನಮ್ಮ ಗುರುವಾಗಿದ್ದರು. ಅವರ ಒಂದು ಗುಣವೆಂದರೆ ಕೇಳುವುದು ಕಡಿಮೆ, ಹೇಳುವುದು ಹೆಚ್ಚು. ನಾವು ಅರ್ಧ ಪ್ರಶ್ನೆ ಕೇಳುವುದರೊಳಗೆ ಪೂರ್ತಿ ಉತ್ತರ ಬರುತ್ತಿತ್ತು. "ಎಲ್ಲಾದಕ್ಕೂ ಒಂದ ಹದ ಅಲ್ರಿ. ಗೋದೀದು ಬ್ಯಾರೆ, ಜ್ವಾಳದ್ದು ಬ್ಯಾರೆ" ಎಂದು ಅವರು ಅಂದಾಗ, ಒಂದೊಂದು ಮಗುವಿಗೆ ಒಂದೊಂದು ರೀತಿ ಎಂಬುದನ್ನು ಎಷ್ಟು ಚೆಂದದ ಉಪಮೆಯಲ್ಲಿ ಹೇಳಿದರು ಎಂದು ನಾವು ತಲೆದೂಗಿದೆವು. ಕನ್ನಡ ಬಿ.ಎ. ಆದ ನಾನು ಎಲ್ಲರಿಗಿಂತ ಹೆಚ್ಚು ತೂಗಿದೆ. ಅಂದು ಪ್ರಿಯಾಂಕಾ ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದಳು. "ಅಷ್ಟ ಮಂದೀದು ನೀವು ಬಡೀದನ ಹ್ಯಾಂಗ್ರಿ ಅಕ್ಕಾರ..."

"ಬಡೀದನ?" ಕಸ್ತೂರಕ್ಕನಿಗೆ ನಗು ತಡೆಯಲಾಗಲಿಲ್ಲ. "ಬಡೀದ ಹ್ಯಾಂಗ ಆಗತೈತಿ ತಂಗಿ! ಬಡದ್ರನ ಅದಕ್ಕೊಂದು ಆಕಾರ. ಮುಂಜಾನೆ ಎದ್ದು ನಾನು, ನನ್ನ ಇಬ್ಬರ ಸೊಸ್ತೇರು ಕೂತು ಬಡ್ಯಾಕ ಹತ್ತಿದ್ವಿ ಅಂದ್ರ, ನಮ್ಮ ಸಪ್ಪಳಕ್ಕನ ಓಣಿ ಮಂದಿ ಏಳೂದು. ಮೊದಲ ನನಗೂ ಕೈ ನೋಯ್ತಿತ್ತು. ಈಗ ರೂಢಿ ಆಗೇತಿ."

ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದರು. ಇಪ್ಪತ್ತು ಮನೆಯ ಮಕ್ಕಳು! ಮೂವರು ಹೆಂಗಸರು! ಬೆಳಗಿನ ಜಾವ! "ಅಕಿ ಕೈ ನೋಯ್ತಿತ್ತಂತ" ಎಂದು ಸುನಂದಾ ಕಣ್ಣು ಒರೆಸಿಕೊಂಡಳು. "ಆ ಕೂಸುಗೋಳಿಗೆ ಎಷ್ಟ ನೋಯ್ತಿರಬೇಕ್ರಿ ಯಪ್ಪಾ." ನನಗೆ ಅದಕ್ಕಿಂತ ಬೇರೆ ಸಂಕಟ. ಈ ಹೆಂಗಸಿನ ಮಾತಿನ ಮೇಲೆ ನಾನು ಇಷ್ಟು ದಿನ ನಿಂತಿದ್ದೆನಲ್ಲ! ಪ್ರಿಯಾಂಕಾ ಮಾತ್ರ ಗಟ್ಟಿಯಾಗಿ, ಮುಂದಿನ ಸಭೆ ಬಬಲೇಶ್ವರದಲ್ಲಿ, ಮೊದಲ ಬಸ್ಸಿಗೇ ಹೋಗುವುದು, ಕಣ್ಣಾರೆ ನೋಡಿ ಆಮೇಲೆ ಮಕ್ಕಳ ಸಹಾಯವಾಣಿಗೆ ಫೋನು ಮಾಡುವುದು ಎಂದು ನಿರ್ಧರಿಸಿದಳು.

ಹಾಗೆ ನಾವು ಒಂದು ಮುಂಜಾನೆ ಬಬಲೇಶ್ವರದಲ್ಲಿ ಇಳಿದೆವು. ಸ್ಫೂರ್ತಿಯನ್ನು ಬಿಟ್ಟು ಬರಲು ಯಾರೂ ಇಲ್ಲದ್ದರಿಂದ ಅವಳೂ ಜೊತೆಗಿದ್ದಳು. ಓಣಿಯ ತಿರುವಿನಲ್ಲಿಯೇ ಕೇಳಿಸಿತು, ಟಪ ಟಪ ಟಪ. ಒಂದೇ ಸಮನೆ, ಮೂರು ಕಡೆಯಿಂದ. ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಸ್ಫೂರ್ತಿಯ ಕಿವಿ ಮುಚ್ಚಿದೆ. ಪ್ರಿಯಾಂಕಾ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಬಾಗಿಲು ನೂಕಿದಳು.

ಒಳಗೆ ಮೂವರು ಹೆಂಗಸರು ಕಾಲು ಚಾಚಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದರು.

"ಬರ್ರಿ ಬರ್ರಿ, ಇಷ್ಟ ಲಗೂನ ಬಂದ್ರ್ಯಾ?" ಎಂದರು ಕಸ್ತೂರಕ್ಕ, ಕೈ ನಿಲ್ಲಿಸದೆ. "ನೀವೂ ಒಂದೊಂದ ರೊಟ್ಟಿ ಬಡಿಯೂ ಕೊಣಮಿಗಿ ತಗೊಂಡು ಕುಂದರ್ರಿ."

"ಹುಡುಗ್ರು ಎಲ್ಲಿ?" ಎಂದಳು ಪ್ರಿಯಾಂಕಾ. ದನಿಯಲ್ಲಿ ಇನ್ನೂ ಪೊಲೀಸರ ಬಿಗಿ ಇತ್ತು.

"ಯಾವ ಹುಡುಗ್ರು?"

"ನೀವು ಕಲಸೂ ಹುಡುಗ್ರು!"

"ಹುಡುಗ್ರನ್ನ ಯಾಕ ಕಲಸ್ಲಿ ನಾನು? ಹಿಟ್ಟ ಕಲಸ್ತೇನಿ!"

ಕಲಿಸುವುದು, ಕಲಸುವುದು. ಬರೆಯುವಾಗ ನಡುವೆ ಒಂದು ಗುಡಿಸಿನ ಅಂತರ. ನಮ್ಮ ಬಾಯಲ್ಲಿ ಆ ಗುಡಿಸೂ ಬಿದ್ದುಹೋಗಿ ಎರಡೂ 'ಕಲಸೂದೇ'. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಬಿದ್ದ ಆ ಒಂದು ಗುಡಿಸು ನಮ್ಮನ್ನು ಇಲ್ಲಿಯವರೆಗೆ ತಂದಿತ್ತು. ಕಸ್ತೂರಕ್ಕ ಊರ ಮನೆಗಳಿಗೂ ಅಂಗಡಿಗಳಿಗೂ ಕಡಕ್ ರೊಟ್ಟಿ, ಹೋಳಿಗೆ ಮಾಡಿ ಕೊಡುವವರು. ನಾವೂ ಅದೇ ಕಸುಬಿನವರೆಂದು ಅವರು, ಅವರೂ ನಮ್ಮ ದಾರಿಯವರೆಂದು ನಾವು. ಹುಟ್ಟಿದಾಗಿನಿಂದ ದಿನಾ ಜೋಳದ ರೊಟ್ಟಿ ತಿಂದು ಬೆಳೆದ ವಿಜಯಪುರದ ಮೂವರು ಹೆಂಗಸರಿಗೆ 'ಬಡಿಯುವುದು' ಎಂದ ಕೂಡಲೇ ರೊಟ್ಟಿ ನೆನಪಾಗದೆ ಮಕ್ಕಳು ನೆನಪಾದರು. ನಮ್ಮ ಕೈ ಒಳಗೊಳಗೆ ಎಷ್ಟು ತುರಿಸುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಸ್ತೂರಕ್ಕನಿಗೆ ವಿಷಯ ತಿಳಿದಾಗ ಅವರು ನಕ್ಕ ನಗೆಗೆ ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. "ಅಲ್ರಿ, ಈ ಜಲನಗರದಾಕಿ, ಮುಂಜಾನೆ ಕಲಸಿದ್ದು ಸಂಜ್ಯಾಗೂದ್ರಾಗ ಉಳಿಯೂದಿಲ್ಲ ಅಂದ್ಲಲ್ಲ, ಎಷ್ಟ ವ್ಯಾಪಾರ ಐತಿ ಇಕೀದು ಅಂತ ನಾ ಹೊಟ್ಟಿಕಿಚ್ಚ ಪಟ್ಟಿದ್ನಿ! ಈ ಸುನಂದಾಂದು ಭಾಳ ಬಿರುಸು ಅಂದಾಗ, ಇಕಿ ಹೋಳಿಗಿ ಯಾರ ತಿಂತಾರೋ ಯಪ್ಪಾ ಅಂತ ಮರುಗಿದ್ನಿ!" ಸುನಂದಾ ನಗುತ್ತ ಗೋಡೆಗೆ ಒರಗಿದಳು. ಪ್ರಿಯಾಂಕಾ ಫೋನನ್ನು ಚೀಲದೊಳಗೆ ತುರುಕಿದಳು. ನಾನೂ ನಕ್ಕೆ. ಆದರೆ ನಗು ಇಳಿದ ಮೇಲೆ ನನಗೆ ನಿಜವಾಗಿ ಅಳು ಬಂತು. ಬರೋಬ್ಬರಿ ಮಾಡಾಕತ್ತೀರಿ ಎಂದು ಅವರು ಹೇಳಿದ್ದು ನನಗಲ್ಲ, ನನ್ನ ಹಿಟ್ಟಿಗೆ. ಅದನ್ನೇ ನೆಚ್ಚಿಕೊಂಡು ಅತ್ತೆಯ ಎದುರು ಎದೆ ಸೆಟೆಸಿ ನಿಂತಿದ್ದೆ. ಹಾಗೆಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಕಸ್ತೂರಕ್ಕ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದರು. "ಹಿಟ್ಟಿಗೆ ಹೇಳಿದ್ದು ಸುನಂದಾನ ಹುಡುಗಗ ಹತ್ತೇತಿಲ್ಲ? ಹತ್ತೇತಿ. ನಿಮ್ಮ ಹುಡಿಗಿ ಬಿಕ್ಕೂದು ಬಿಟ್ಟಾಳಿಲ್ಲ? ಬಿಟ್ಟಾಳ. ಮತ್ತೇನ್ರಿ ನಿಮ್ಮದು? ಈಗ ತಿಳದು ಹೇಳ್ತೇನಿ ತಗೋರಿ: ನೀವು ಬರೋಬ್ಬರಿ ಮಾಡಾಕತ್ತೀರಿ." ಎಂದು ಗದರಿದರು. ಅತ್ತ ಸ್ಫೂರ್ತಿ ಯಾರೂ ಹೇಳದೆ ಸಣ್ಣ ಸೊಸೆಯ ಪಕ್ಕದಲ್ಲಿ ಕುಳಿತು ಒಂದು ರೊಟ್ಟಿ ಬಡಿದಿದ್ದಳು. ಅದಕ್ಕೆ ಐದೋ ಆರೋ ಮೂಲೆಗಳಿದ್ದವು. ಯಾರೂ ನಗಲಿಲ್ಲ. ಸುಟ್ಟು, ಚಟ್ನಿ ಹಚ್ಚಿ, ಅದನ್ನು ಅವಳಿಗೇ ಕೊಟ್ಟರು.

ಬರುವಾಗ ಕಸ್ತೂರಕ್ಕ ನನಗೊಂದು ಕೆಲಸ ಹಚ್ಚಿದರು. "ನೀವು ಕನ್ನಡಾ ಓದಿದಾಕಿ. ನಮ್ಮ ರೊಟ್ಟಿ ಪಾಕೀಟಿನ ಮ್ಯಾಲೆ ಅಂಟಸಾಕ ಒಂದ ಸಾಲು ಚೆಂದಂಗ ಬರದು ಕೊಡ್ರಿ. ಸೊಲ್ಲಾಪುರ ರಸ್ತಾದಾಗ ಛಾಪಸ್ತೇನಿ." ಯಾರಾದರೂ ನನ್ನ ಪದವಿಯನ್ನು ನೆನಪಿಸಿಕೊಂಡು ಎಷ್ಟು ವರ್ಷವಾಗಿತ್ತು! ಆ ರಾತ್ರಿಯೇ ಒಂದು ಸಾಲು ಬರೆದು, ಅಲ್ಪವಿರಾಮವನ್ನು ಎರಡು ಸಲ ತೆಗೆದು ಮೂರು ಸಲ ಹಾಕಿ, ಅವರ ಫೋನಿಗೆ ಕಳಿಸಿದೆ.

ದೀಪಾವಳಿ ಬಂದೇ ಬಂತು, ಅತ್ತೆಯೂ ಬಂದರು. ಚಪ್ಪಲಿ ಬಿಡುವ ಮೊದಲು "ಓದ್ತಾಳೇನು?" ಎಂದರು. ನನಗೆ ಹೇಳಲು ಈ ಸಲ ಇರುವೆಯೂ ಇರಲಿಲ್ಲ. ಅತ್ತೆ ನಮ್ಮ ಮನೆಯವರ ಕಡೆ ತಿರುಗಿ, "ಮತ್ತ ಸೂಟಿ ಮುಗದ ಮ್ಯಾಲೆ ಸಾಲಿ. ಆತಲ್ಲ?" ಎಂದರು. ಅವರು ತಲೆಯಾಡಿಸಿದರು. ಸ್ಫೂರ್ತಿ ಕುರ್ಚಿಯ ಹಿಂದೆ ಸರಿದು ನಿಂತಳು, ಅವಳ ಮುಖ ಆ ಹಳೆಯ ಮುಂಜಾವುಗಳ ಹಾಗೆ ಬಿಳಿಚಿತ್ತು. ಇಂಥ ಹೊತ್ತಿಗೆ ಬಾಗಿಲಲ್ಲಿ ಕಸ್ತೂರಕ್ಕನ ದನಿ ಕೇಳಿತು. ಹಬ್ಬದ ರೊಟ್ಟಿ, ಹೋಳಿಗೆಯ ಜೊತೆಗೆ ಅಚ್ಚಿನ ಅಂಗಡಿಯಿಂದ ಆಗಷ್ಟೇ ತಂದ ಬಣ್ಣದ ಚೀಟಿಗಳ ಒಂದು ದೊಡ್ಡ ಕಟ್ಟು. ಕಟ್ಟು ಬಿಚ್ಚಿ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು. ನಮ್ಮ ಮನೆಯವರು ನೋಡಿ "ಚಲೋ ಬಂದೈತಿ" ಎಂದರು. ನಾನು ನೋಡಿ, ಅಕ್ಷರದ ಅಂಚಿಗೆ ಚಿನ್ನದ ಬಣ್ಣ ಕೊಟ್ಟದ್ದು ಒಪ್ಪುತ್ತದೆ ಎಂದೆ. ಅಕ್ಷರ ಬಾರದ ಅತ್ತೆ ಹಾಳೆಯನ್ನು ಹಿಂದೆ ಮುಂದೆ ಮಾಡಿ, "ಏನ ಬರದೈತಿ ಇದರಾಗ?" ಎಂದರು.

ನಾನು ಗಂಟಲು ಸರಿಪಡಿಸಿಕೊಳ್ಳುವುದರಲ್ಲಿದ್ದೆ. ಅಷ್ಟರಲ್ಲಿ ಕುರ್ಚಿಯ ಹಿಂದಿನಿಂದ ಒಂದು ಸಣ್ಣ ದನಿ, ನಿಧಾನವಾಗಿ ಆದರೆ ಎಲ್ಲಿಯೂ ಮುಗ್ಗರಿಸದೆ ಓದಿತು: "ಮನೆಯಲ್ಲಿಯೇ ಕಲಿಸಿ, ಬಡಿದ ರೊಟ್ಟಿ."

ಆಮೇಲೆ ಕೇಳಿತು: "ಮಮ್ಮಿ, ರೊಟ್ಟಿಗೆ ಯಾಕ ಸಾಲಿ ಕಲಿಸಿ ಮ್ಯಾಲೆ ಬಡದಾರ? ಏನ ತಪ್ಪ ಮಾಡೇತಿ ಅದು?"

ನಾನು ಹಾಳೆ ನೋಡಿದೆ. ಕ, ಲಿ, ಸಿ. ಲಕ್ಕೆ ಗುಡಿಸು. ಅಚ್ಚಾಗಿ, ಚಿನ್ನದ ಅಂಚು ಹಚ್ಚಿಸಿಕೊಂಡು ನಿಂತಿತ್ತು. ವರ್ಷವಿಡೀ ಕಲಿಸುವುದರ ಚಿಂತೆಯಲ್ಲೇ ಬೆಂದ ನನ್ನ ಕೈ, ಕಲಸುವುದನ್ನು ಬರೆಯಬೇಕಾದಲ್ಲಿಯೂ ಕಲಿಸಿಯೇ ಬಿಟ್ಟಿತ್ತು.

"ಲಕ್ಕ ಗುಡಿಸು ಬ್ಯಾಡಾಗಿತ್ತು" ಎಂದಳು ಸ್ಫೂರ್ತಿ, ಗುಡಿಸಿನ ಏಟು ತಿಂದವರಿಗೆ ಮಾತ್ರ ಬರುವ ಗಾಂಭೀರ್ಯದಿಂದ.

ನಮ್ಮ ಮನೆಯವರು ಮೊದಲು ನಕ್ಕರು. ಆಮೇಲೆ ಕಸ್ತೂರಕ್ಕ, ಯಾಕೆಂದು ತಿಳಿಸಿದ ಮೇಲೆ ಅತ್ತೆ. ಮನೆಯೆಲ್ಲ ನಗು. ನನಗೂ ನಗಬೇಕೆನಿಸುತ್ತಿತ್ತು, ಆದರೆ ಮಗಳು ಓದಿದಳಲ್ಲ, ಗಟ್ಟಿಯಾಗಿ ಓದಿದಳಲ್ಲ ಎಂದು ಕಣ್ಣಲ್ಲಿ ನೀರು ತುಂಬಿ ಹರಿಯತೊಡಗಿತು. ಸ್ಫೂರ್ತಿ ಅದನ್ನು ಬೇರೆಯಾಗಿಯೇ ತಿಳಿದುಕೊಂಡಳು. ಕುರ್ಚಿಯ ಹಿಂದಿನಿಂದ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು, "ಅಳಬ್ಯಾಡ ಮಮ್ಮಿ. ನನಗೂ ಹಿಂಗ ನಕ್ಕಿದ್ರು. ಸ್ವಲ್ಪ ದಿನಾ ಆದ ಮ್ಯಾಲೆ ಮರೀತಾರ. ಮತ್ತೊಮ್ಮಿ ಬರಿ, ನಾ ನೋಡ್ತೇನಿ" ಎಂದಳು. ವರ್ಷವಿಡೀ ಬಟ್ಟಲು ಹಿಡಿದು ಯಾರ ಬಾಗಿಲಿಗೆ ಹೋಗಲಿ ಎಂದು ನಾನು ಹುಡುಕುತ್ತಿದ್ದೆ, ಧೈರ್ಯ ಮನೆಯಲ್ಲಿಯೇ ಇತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಮಗನನ್ನು ಕರೆದು ಹೊಸ ತೀರ್ಪು ಕೊಟ್ಟರು. ಆ ತೀರ್ಪಿನಲ್ಲಿ ಈವರೆಗೂ ತಿದ್ದುಪಡಿಯಾಗಿಲ್ಲ. "ಕೂಸು ಓದಿದ್ಲು. ಅಕಿ ಮನ್ಯಾಗ ಇರ್ಲಿ" ಎಂದರು. ಆಮೇಲೆ ನನ್ನ ಕಡೆ ಬೆರಳು ಮಾಡಿ, "ಸಾಲಿಗೆ ಹಾಕೂದಿದ್ರ ಇಕಿನ್ನ ಹಾಕು."

ಚೀಟಿಗಳನ್ನು ಮತ್ತೆ ಅಚ್ಚು ಹಾಕಿಸುತ್ತೇನೆಂದು ನಾನು ಎಷ್ಟು ಹೇಳಿದರೂ ಕಸ್ತೂರಕ್ಕ ಒಪ್ಪಲಿಲ್ಲ. "ಮಂದಿ ತಿನ್ನೂದು ರೊಟ್ಟಿ, ಗುಡಿಸಲ್ಲ" ಎಂದು ಎಲ್ಲವನ್ನೂ ಅಂಟಿಸಿಬಿಟ್ಟರು. ಈಗ ವಿಜಯಪುರದ ಯಾವ ಅಂಗಡಿಗೆ ಹೋದರೂ ನನ್ನ ವಿದ್ಯೆ ನನ್ನನ್ನೇ ನೋಡುತ್ತ ಸಾಲಾಗಿ ಕುಳಿತಿರುತ್ತದೆ. ನಮ್ಮ ಮನೆಯವರು ಊಟಕ್ಕೆ ಕೂತಾಗಲೆಲ್ಲ ರೊಟ್ಟಿ ಮುರಿಯುವ ಮೊದಲು, "ಇದು ಎಷ್ಟನೇ ಇಯತ್ತೆ ಮುಗಿಸೇತಿ?" ಎಂದು ಕೇಳುತ್ತಾರೆ. ಸ್ಫೂರ್ತಿಯ ಬಾಯಿಗೆ ಈಗ ತಡೆಯೇ ಇಲ್ಲ. ಅಂಗಡಿಯ ಫಲಕ, ಬಸ್ಸಿನ ಹಿಂಭಾಗ, ಲಗ್ನಪತ್ರಿಕೆ, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾಳೆ. ಓದುವುದು ತಪ್ಪು ಹಿಡಿಯಲಿಕ್ಕೆ. ಈ ಊರಿನಲ್ಲಿ ಅದಕ್ಕೇನೂ ಬರವಿಲ್ಲ, ಮನೆಯಲ್ಲಂತೂ ನಾನೇ ಇದ್ದೇನೆ. ಬೆಳಿಗ್ಗೆ ಪಾಠಕ್ಕೆ ಕರೆದರೆ ಬಾಗಿಲಲ್ಲಿ ನಿಂತು, "ಇವತ್ತ ಕಲಿಸ್ತೀಯೋ, ಕಲಸ್ತೀಯೋ?" ಎಂದು ಗುಡಿಸನ್ನು ಒತ್ತಿ ಒತ್ತಿ ಕೇಳುತ್ತಾಳೆ. ನಾನು ಹಿಟ್ಟಿನ ಡಬ್ಬಿ ತೆಗೆಯುತ್ತೇನೆ. ಅದರಲ್ಲಾದರೆ ನನ್ನನ್ನು ತಿದ್ದಲು ಅವಳಿಗೆ ಇನ್ನೂ ಸ್ವಲ್ಪ ದಿನ ಬೇಕು.